ಚಿತ್ರದ ಸ್ಥಾನ, ಶಾಸನದ ಸ್ಥಾನ: ಬೆಳಗಾವಿ–ಖಾನಾಪುರ ಪ್ರದೇಶದ ಕ್ಷೇತ್ರದಾಖಲೆಯಲ್ಲಿ ಜಿಪಿಎಸ್ ಮಾಹಿತಿ

ಮೈಸೂರು ಸಂಸ್ಥಾನದ ಶಾಸನಗಳನ್ನು ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ತಾಲ್ಲೂಕುವಾರು ಜೋಡಿಸಿ ಸಂಖ್ಯೆ ಕೊಟ್ಟಿದ್ದರಿಂದ ಆ ಭಾಗದ ಶಾಸನವನ್ನು ಊರು ಮತ್ತು ಸಂಖ್ಯೆಯ ಮೂಲಕ ಗುರುತಿಸುವ ಪದ್ಧತಿ ಬೇಗ ನೆಲೆನಿಂತಿತು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬೆಳಗಾವಿಗೆ ಈ ಅನುಕೂಲ ಒದಗಲಿಲ್ಲ. ಇಲ್ಲಿನ ಶಾಸನಗಳು ‘ಇಂಡಿಯನ್ ಆಂಟಿಕ್ವರಿ’, ‘ಎಪಿಗ್ರಾಫಿಯಾ ಇಂಡಿಕಾ’ ಮತ್ತು ಮುಂದೆ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ ಬಾಂಬೆ-ಕರ್ನಾಟಕ ಸಂಪುಟಗಳಲ್ಲಿ ಚದುರಿಹೋದವು, ಅವುಗಳ ಸ್ಥಳನಿರ್ದೇಶವೂ ಸಂಪಾದಕರ ಅಭ್ಯಾಸಕ್ಕೆ ತಕ್ಕಂತೆ ಬೇರೆಬೇರೆಯಾಯಿತು. ಬನವಾಸಿ ಕದಂಬರ ಪಲಾಶಿಕೆಯೆನಿಸಿದ ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ ದೊರೆತ ತಾಮ್ರಪಟಗಳನ್ನು ಪ್ರಕಟಿಸುವಾಗ ಜೆ. ಎಫ್. ಫ್ಲೀಟ್ ಕೊಟ್ಟ ವಿವರ, ಊರ ಹೊರಗೆ ನಂದಗಡದ ದಾರಿಯಲ್ಲಿ ಚಕ್ರತೀರ್ಥವೆಂಬ ಸಣ್ಣ ಬಾವಿಯ ಪಕ್ಕದ ಮಣ್ಣಿನ ದಿಬ್ಬ ಎಂಬಷ್ಟಕ್ಕೆ ನಿಲ್ಲುತ್ತದೆ. ಊರಿನವರಿಗೆ ಇಷ್ಟು ಸಾಕು. ಆದರೆ ದಿಬ್ಬ ಸಮತಟ್ಟಾಗಿ, ದಾರಿ ಪಕ್ಕಕ್ಕೆ ಸರಿದರೆ ಆ ವಾಕ್ಯದಿಂದ ಜಾಗವನ್ನು ಮರಳಿ ಹುಡುಕುವುದು ಕಷ್ಟ. ಡಿಜಿಟಲ್ ಕ್ಯಾಮೆರಾದ ಚಿತ್ರಕ್ಕೆ ಜಿಪಿಎಸ್ ಸ್ಥಾನವನ್ನು ಸೇರಿಸುವ ಕ್ರಮ, ಅಂದರೆ ಜಿಯೋಟ್ಯಾಗಿಂಗ್, ಈ ಕೊರತೆಯನ್ನು ತುಂಬುವಂತೆ ತೋರುತ್ತದೆಯಾದರೂ, ಚಿತ್ರದೊಳಗೆ ಕುಳಿತ ಅಂಕಿಗಳನ್ನು ಫ್ಲೀಟರ ವಾಕ್ಯದಂತೆಯೇ ಒಂದು ಸಾಕ್ಷ್ಯವೆಂದು ಪರೀಕ್ಷಿಸದೆ ಒಪ್ಪಿದರೆ ಹಳೆಯ ಅಸ್ಪಷ್ಟತೆಯ ಜಾಗದಲ್ಲಿ ನಿಖರವಾಗಿ ಕಾಣುವ ತಪ್ಪು ಬಂದು ಕೂರುತ್ತದೆ.

ಸ್ಥಾನ ಮಾಹಿತಿ ಉಳಿಯುವುದು ಚಿತ್ರದ ಕಡತದೊಳಗಿನ ಎಕ್ಸಿಫ್ ಎಂಬ ಭಾಗದಲ್ಲಿ. 1995ರಲ್ಲಿ ಜಪಾನಿನ ಎಲೆಕ್ಟ್ರಾನಿಕ್ ಉದ್ಯಮಗಳ ಸಂಘ ಮೊದಲು ಪ್ರಕಟಿಸಿದ ಈ ಮಾನಕದಲ್ಲಿ ಚಿತ್ರ ತೆಗೆದ ದಿನಾಂಕ, ಮಸೂರದ ನಾಭಿದೂರ ಮೊದಲಾದವುಗಳಂತೆ ಸ್ಥಾನಕ್ಕೂ ಪ್ರತ್ಯೇಕ ಕೋಷ್ಟಕವಿದೆ. ಅಕ್ಷಾಂಶ ಮತ್ತು ರೇಖಾಂಶಗಳನ್ನು ಅಂಶ, ಕಲೆ, ವಿಕಲೆಗಳೆಂಬ ಮೂರು ಭಿನ್ನಸಂಖ್ಯೆಗಳಾಗಿ ಬರೆದು, ಉತ್ತರವೋ ದಕ್ಷಿಣವೋ, ಪೂರ್ವವೋ ಪಶ್ಚಿಮವೋ ಎಂಬುದನ್ನು ಬೇರೆ ಮನೆಯಲ್ಲಿ ಒಂದೊಂದು ಅಕ್ಷರವಾಗಿ ಇಡಲಾಗುತ್ತದೆ. ಎತ್ತರ, ಉಪಗ್ರಹದಿಂದ ಬಂದ ವೇಳೆ, ಕ್ಯಾಮೆರಾ ಮುಖ ಮಾಡಿದ ದಿಕ್ಕು, ಬಳಸಿದ ಡೇಟಮ್ (ಅಳತೆಯ ಆಧಾರ ಚೌಕಟ್ಟು) ಇವಕ್ಕೂ ಅಲ್ಲಿ ಮನೆಗಳಿವೆ. ಆದರೆ ಇವುಗಳಲ್ಲಿ ಹೆಚ್ಚಿನವನ್ನು ತುಂಬಲೇಬೇಕೆಂಬ ಕಡ್ಡಾಯವಿಲ್ಲದಿರುವುದರಿಂದ ಬಹಳಷ್ಟು ಚಿತ್ರಗಳಲ್ಲಿ ದಿಕ್ಕು ಮತ್ತು ದೋಷಮಿತಿಯ ಮನೆಗಳು ಖಾಲಿಯಾಗಿಯೇ ಇರುತ್ತವೆ.

ಈ ಕೋಷ್ಟಕ ತುಂಬುವುದಕ್ಕೆ ಮೂರು ದಾರಿಗಳಿವೆ. ಕ್ಯಾಮೆರಾದೊಳಗೇ ಗ್ರಾಹಕವಿರಬಹುದು, ಇಲ್ಲವೆ 2008ರಲ್ಲಿ ನಿಕಾನ್ ಹೊರತಂದ ಜಿಪಿ-1ರಂತಹ ಪ್ರತ್ಯೇಕ ಉಪಕರಣವನ್ನು ಕ್ಯಾಮೆರಾದ ಮೇಲೆ ಕೂರಿಸಬಹುದು. ಈಚಿನ ಕ್ಯಾಮೆರಾಗಳು ಬ್ಲೂಟೂತ್ ಮೂಲಕ ಮೊಬೈಲಿನಿಂದ ಸ್ಥಾನವನ್ನು ಪಡೆಯಬಹುದು. ಇವೆರಡೂ ಇಲ್ಲದಿದ್ದಲ್ಲಿ, ಕೈಯಲ್ಲಿ ಹಿಡಿದ ಗ್ರಾಹಕ ಅಥವಾ ಮೊಬೈಲು ದಿನವಿಡೀ ಬರೆದ ನಡೆದ ಹಾದಿಯ ದಾಖಲೆಯನ್ನು ಜಿಪಿಎಕ್ಸ್ ಕಡತವಾಗಿ ಉಳಿಸಿಕೊಂಡು, ಎಕ್ಸಿಫ್‌ಟೂಲ್ ಅಥವಾ ಡಿಜಿಕ್ಯಾಮ್‌ನಂತಹ ತಂತ್ರಾಂಶದಿಂದ ಚಿತ್ರದ ವೇಳೆಯನ್ನು ಹಾದಿಯ ವೇಳೆಗೆ ಹೊಂದಿಸಬಹುದು. ಮೂರನೆಯ ದಾರಿ ಹಳೆಯ ಕ್ಯಾಮೆರಾವನ್ನೂ ಬಳಕೆಗೆ ತರುವುದರಿಂದ ಸಂಶೋಧಕರಿಗೆ ಹೆಚ್ಚು ಒದಗುವಂಥದ್ದು, ಅಷ್ಟೇ ಹೆಚ್ಚು ಎಚ್ಚರವನ್ನು ಬೇಡುವಂಥದ್ದು. ಜಿಪಿಎಕ್ಸ್ ಕಡತದ ವೇಳೆ ಜಾಗತಿಕ ಸಮನ್ವಯ ಕಾಲಮಾನದ್ದು. ಕ್ಯಾಮೆರಾದ ಗಡಿಯಾರ ಮಾತ್ರ ಬಳಸುವವರು ಹೊಂದಿಸಿದಂತೆ ಭಾರತೀಯ ಕಾಲಮಾನದಲ್ಲಿ, ಅಂದರೆ ಐದೂವರೆ ಗಂಟೆ ಮುಂದೆ ಇರುತ್ತದೆ. ಚಿತ್ರದ ವೇಳೆ ಯಾವ ಕಾಲವಲಯದ್ದೆಂದು ಬರೆಯುವ ಮನೆಯೇ ಎಕ್ಸಿಫ್‌ನಲ್ಲಿ 2016ರ ಆವೃತ್ತಿಯವರೆಗೆ ಇರಲಿಲ್ಲ. ಐದೂವರೆ ಗಂಟೆಯ ತಪ್ಪು ಸಾಮಾನ್ಯವಾಗಿ ಬಯಲಾಗುತ್ತದೆ, ಏಕೆಂದರೆ ದಿನದ ಕೊನೆಯ ಭಾಗದ ಚಿತ್ರಗಳಾದರೂ ಹಾದಿಯ ವೇಳೆಯ ಹೊರಗೆ ಬಿದ್ದು ತಂತ್ರಾಂಶ ಅವನ್ನು ಒಪ್ಪುವುದಿಲ್ಲ. ಅಪಾಯವಿರುವುದು ಒಂದೆರಡು ನಿಮಿಷದ ವ್ಯತ್ಯಾಸದಲ್ಲಿ. ಬೆಳಗಾವಿ–ಖಾನಾಪುರ ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಸಾಗುವ ವಾಹನ ಒಂದು ನಿಮಿಷಕ್ಕೆ ಸುಮಾರು 670 ಮೀಟರ್ ಕ್ರಮಿಸುತ್ತದೆ. ಮಚ್ಛೆಯ ರಸ್ತೆ ಬದಿಯ ವೀರಗಲ್ಲೊಂದರ ಬಳಿ ಅರೆಗಳಿಗೆ ನಿಂತು ಚಿತ್ರ ತೆಗೆದು ಹೊರಟವರ ಕ್ಯಾಮೆರಾ ಎರಡು ನಿಮಿಷ ಮುಂದಿದ್ದರೆ ಆ ಕಲ್ಲು ನಕಾಶೆಯಲ್ಲಿ ಒಂದು ಕಿಲೋಮೀಟರಿಗೂ ಆಚೆ, ಪಕ್ಕದ ಊರಿನ ಸರಹದ್ದಿನಲ್ಲಿ ನಿಲ್ಲಬಹುದು. ಅದೇ ಜಾಗದಲ್ಲಿ ಕಾಲು ಗಂಟೆ ನಿಂತಿದ್ದರೆ ಈ ತಪ್ಪು ಚಿತ್ರದ ಸ್ಥಾನವನ್ನು ಅಷ್ಟಾಗಿ ತಟ್ಟುವುದಿಲ್ಲ. ದಿನದ ಮೊದಲಿಗೆ ಮತ್ತು ಕೊನೆಗೆ ಗ್ರಾಹಕದ ಪರದೆಯಲ್ಲಿ ವೇಳೆ ಸೆಕೆಂಡುಸಹಿತ ಕಾಣುವಂತೆ ಅದೇ ಕ್ಯಾಮೆರಾದಿಂದ ಒಂದೊಂದು ಚಿತ್ರ ತೆಗೆದಿಟ್ಟುಕೊಂಡರೆ ವ್ಯತ್ಯಾಸವನ್ನು ಲೆಕ್ಕಹಾಕಿ ಸರಿಪಡಿಸಬಹುದಲ್ಲದೆ, ಗಡಿಯಾರ ಆ ದಿನದೊಳಗೇ ಎಷ್ಟು ಸರಿಯಿತೆಂಬುದೂ ತಿಳಿಯುತ್ತದೆ.

ವೇಳೆ ಸರಿಯಾದ ಮೇಲೂ ಉಳಿಯುವ ಪ್ರಶ್ನೆ, ಈ ಸ್ಥಾನ ಯಾವುದರದ್ದು ಎಂಬುದು. ಎಕ್ಸಿಫ್ ದಾಖಲಿಸುವುದು ಗ್ರಾಹಕ ಇದ್ದ ಜಾಗವನ್ನು. ಚಿತ್ರದಲ್ಲಿ ಕಾಣುವ ವಸ್ತುವಿನ ಜಾಗವನ್ನಲ್ಲ. ಗೋಡೆಯ ಶಾಸನವನ್ನು ಎರಡು ಹೆಜ್ಜೆ ದೂರದಿಂದ ತೆಗೆದಾಗ ಈ ಭೇದ ಲೆಕ್ಕಕ್ಕಿಲ್ಲ. ಮಹದಾಯಿಯ ಕಣಿವೆಯಲ್ಲಿ ಧುಮುಕುವ ವಜ್ರಪೋಹ ಜಲಪಾತವನ್ನು ಎದುರು ದಿಬ್ಬದಿಂದ ದೂರಮಸೂರದಲ್ಲಿ ಸೆರೆಹಿಡಿದಾಗ ಮಾತ್ರ ನಕಾಶೆಯ ಚುಕ್ಕೆ ದಿಬ್ಬದ ಮೇಲೆ ಬೀಳುತ್ತದೆ. ವಸ್ತುವಿನ ಸ್ಥಾನವನ್ನು ಬೇರೆಯಾಗಿ ಬರೆಯುವ ಮನೆಯೂ ಎಕ್ಸಿಫ್‌ನಲ್ಲಿದೆಯಾದರೂ ಅದನ್ನು ತುಂಬುವವರು ವಿರಳ.

ಈ ಭೇದ ಇನ್ನೂ ತೀಕ್ಷ್ಣವಾಗುವುದು ಸ್ಥಳಾಂತರಗೊಂಡ ಶಾಸನಗಳಲ್ಲಿ. ಸವದತ್ತಿಯ ರಟ್ಟ ವಂಶದ ನಾಲ್ಕನೆಯ ಕಾರ್ತವೀರ್ಯನ ಕಾಲದ, 1204ರ ಎರಡು ಬೆಳಗಾವಿ ಶಾಸನಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಸೇರಿದ್ದು, ಎಲ್. ಡಿ. ಬಾರ್ನೆಟ್ ಅವುಗಳ ಪಾಠವನ್ನು ‘ಎಪಿಗ್ರಾಫಿಯಾ ಇಂಡಿಕಾ’ದ 13ನೆಯ ಸಂಪುಟದಲ್ಲಿ ಪ್ರಕಟಿಸಿದರು. ಕಾರ್ತವೀರ್ಯನ ಮಂತ್ರಿ ಬಿಚಣನು ಕಟ್ಟಿಸಿದ ಬಸದಿಯ ಇತಿಹಾಸಕ್ಕೆ ಇವು ಮುಖ್ಯ ಆಧಾರ. ಕೋಟೆಯೊಳಗಿನ ಕಮಲ ಬಸದಿಯ ಚಿತ್ರಗಳೊಡನೆ ಇವುಗಳ ಚಿತ್ರವನ್ನೂ ಒಂದೇ ನಕಾಶೆಗೆ ಏರಿಸಿದರೆ ಬಸದಿ ಬೆಳಗಾವಿಯಲ್ಲಿಯೂ ಅದರ ಶಾಸನ ಥೇಮ್ಸ್ ನದಿಯ ಉತ್ತರಕ್ಕೂ ಬೀಳುತ್ತವೆ. ಕ್ಯಾಮೆರಾ ಇಲ್ಲಿ ತಪ್ಪು ಹೇಳಿರುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆಯಿತ್ತು. ಅಂತಹ ಚಿತ್ರಕ್ಕೆ ಚಿತ್ರೀಕರಣದ ಸ್ಥಾನ, ಇಂದಿನ ಸಂಗ್ರಹದ ಸ್ಥಾನ ಮತ್ತು ಮೂಲ ನೆಲೆ ಎಂಬ ಮೂರನ್ನೂ ಬೇರೆಬೇರೆ ಮನೆಗಳಲ್ಲಿ ಬರೆಯದೆ ಗತ್ಯಂತರವಿಲ್ಲ. ಜೊತೆಗೊಂದು ಸಣ್ಣ ತೊಡಕು: ಆ ಸಂಗ್ರಹಾಲಯ ಗ್ರೀನಿಚ್ ರೇಖೆಯ ಪಶ್ಚಿಮಕ್ಕಿದೆ. ಭಾರತದ ಎಲ್ಲ ಸ್ಥಳಗಳೂ ಪೂರ್ವ ರೇಖಾಂಶದವಾದ್ದರಿಂದ ದಿಕ್ಕಿನ ಅಕ್ಷರವನ್ನು ನಿರ್ಲಕ್ಷಿಸಿ ಸಿದ್ಧಪಡಿಸಿದ ಪಟ್ಟಿಯಲ್ಲಿ ಆ ಶಾಸನಗಳು ಸಂಗ್ರಹಾಲಯದಲ್ಲಿಯೂ ನಿಲ್ಲದೆ 17 ಕಿಲೋಮೀಟರಿಗೂ ಹೆಚ್ಚು ಪೂರ್ವಕ್ಕೆ ಸರಿಯುತ್ತವೆ.

ನಿಖರತೆಯ ವಿಷಯದಲ್ಲಿ ಅಂಕಿಗಳ ಉದ್ದಕ್ಕೆ ಮರುಳಾಗದಿರುವುದು ಲೇಸು. ಅಮೆರಿಕ ಸರ್ಕಾರ ನಾಗರಿಕ ಬಳಕೆಯ ಸಂಕೇತವನ್ನು ಬೇಕೆಂದೇ ಕೆಡಿಸುತ್ತಿದ್ದ ಪದ್ಧತಿಯನ್ನು 2000ದ ಮೇ ತಿಂಗಳಲ್ಲಿ ನಿಲ್ಲಿಸಿದ ನಂತರ, ಬಯಲಿನಲ್ಲಿ ಸಾಧಾರಣ ಮೊಬೈಲಿನ ದೋಷ ಸುಮಾರು ಐದು ಮೀಟರಿಗೆ ಇಳಿದಿದೆ. ಬೆಳಗಾವಿಯ ಅಕ್ಷಾಂಶದಲ್ಲಿ ಒಂದು ವಿಕಲೆ ನೆಲದ ಮೇಲೆ ಹೆಚ್ಚುಕಡಿಮೆ 30 ಮೀಟರ್. ದಶಮಾಂಶದ ಆರನೆಯ ಸ್ಥಾನವಾದರೋ ಹನ್ನೊಂದು ಸೆಂಟಿಮೀಟರ್. ಗ್ರಾಹಕಕ್ಕೆ ಇಲ್ಲದ ನಿಖರತೆಯನ್ನು ಆ ಆರನೆಯ ಅಂಕಿ ಸೂಚಿಸುತ್ತದೆ. ಭೀಮಗಡ ವನ್ಯಧಾಮದ ದಟ್ಟ ಮರಗಳ ಕೆಳಗೆ ಅಥವಾ ಹಲಸಿಯ ಭೂವರಾಹ ನರಸಿಂಹ ದೇವಾಲಯದ ಕಲ್ಲು ಚಾವಣಿಯಡಿ ಉಪಗ್ರಹದ ಸಂಕೇತ ಕುಗ್ಗುತ್ತದೆ, ಮುರಿದು ಬರುತ್ತದೆ, ಗರ್ಭಗೃಹದಲ್ಲಿ ಇಲ್ಲವೇ ಆಗುತ್ತದೆ. ಆಗ ಕೆಲವು ಉಪಕರಣಗಳು ಕೊನೆಯದಾಗಿ ಸಿಕ್ಕ ಸ್ಥಾನವನ್ನೇ ಮುಂದಿನ ಚಿತ್ರಗಳಿಗೂ ಬರೆಯುತ್ತ ಹೋಗುವುದರಿಂದ ಒಳಗಿನ ಹತ್ತಾರು ಚಿತ್ರಗಳು ಬಾಗಿಲ ಹೊರಗಿನ ಒಂದೇ ಬಿಂದುವಿನಲ್ಲಿ ಗುಂಪುಗೂಡುತ್ತವೆ.

ಸ್ಥಾನ ಸರಿಯುವುದಕ್ಕೆ ಇನ್ನೊಂದು ಕಾರಣ ಡೇಟಮ್, ಅಂದರೆ ಭೂಮಿಯ ಆಕಾರವನ್ನೂ ಅಳತೆಯ ಆರಂಭವನ್ನೂ ನಿಗದಿಗೊಳಿಸುವ ಆಧಾರ ಚೌಕಟ್ಟು. ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84 ಚೌಕಟ್ಟನ್ನು. ಭಾರತೀಯ ಸರ್ವೇಕ್ಷಣ ಇಲಾಖೆಯ ಹಳೆಯ ನಕಾಶೆಗಳು ಎವರೆಸ್ಟ್ ಗೋಲಾಭವನ್ನು ಆಧರಿಸಿದವು. ಎರಡನ್ನೂ ಪರಿವರ್ತಿಸದೆ ಒಂದರ ಮೇಲೊಂದು ಇಟ್ಟರೆ ಪ್ರದೇಶಕ್ಕೆ ತಕ್ಕಂತೆ ಹತ್ತಾರು ಮೀಟರುಗಳಿಂದ ನೂರಾರು ಮೀಟರುಗಳವರೆಗೆ ಪಲ್ಲಟ ಉಂಟಾಗುತ್ತದೆ. ಖಾನಾಪುರದ ಪಶ್ಚಿಮ ಭಾಗದಲ್ಲಿ ಇದು ಬರಿಯ ಶಾಸ್ತ್ರಚರ್ಚೆಯಲ್ಲ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹರಿದರೆ, ಅದೇ ತಾಲ್ಲೂಕಿನಲ್ಲಿ ಹುಟ್ಟುವ ಮಹದಾಯಿ ಗೋವೆಯ ಮೂಲಕ ಅರಬ್ಬಿ ಸಮುದ್ರಕ್ಕೆ ಇಳಿಯುತ್ತದೆ. ಎರಡರ ನಡುವಿನ ನೀರುಮೇರೆಯ ಸಮೀಪ ತೆಗೆದ ಹಳ್ಳವೊಂದರ ಚಿತ್ರ ಇನ್ನೂರು ಮೀಟರ್ ಸರಿದರೆ ಆ ಹಳ್ಳ ಬೇರೆ ನದಿಯ ಕಣಿವೆಗೆ ಸೇರಿದಂತೆ ಕಾಣಬಹುದು, ನೀರಿನ ಹಂಚಿಕೆ ನ್ಯಾಯಮಂಡಳಿಯ ಮೆಟ್ಟಿಲೇರಿರುವ ಸೀಮೆಯಲ್ಲಿ ಅಂಥ ಚಿತ್ರವನ್ನು ಪುರಾವೆಯಾಗಿ ಮುಂದಿಡುವವರು ಡೇಟಮ್ಮನ್ನು ಹೇಳದೆ ಬಿಡುವುದು ತರವಲ್ಲ.

ಸರಿಯಾಗಿ ದಾಖಲಾದ ಮಾಹಿತಿಯೂ ಸಾಗಣೆಯಲ್ಲಿ ಕಳೆಯುತ್ತದೆ. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳಿಸಿದಾಗ ಕಡತ ಕುಗ್ಗಿ ಎಕ್ಸಿಫ್ ಅಳಿದುಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಉಳಿಯುತ್ತದೆ. ಹಳ್ಳಿಯ ಶಿಕ್ಷಕರೋ ದೇವಸ್ಥಾನದ ಅರ್ಚಕರೋ ಒದಗಿಸುವ ಚಿತ್ರಗಳು ಈ ದಾರಿಯಲ್ಲೇ ಬರುವುದರಿಂದ ಈ ಸಣ್ಣ ಸೂಚನೆಯನ್ನು ಅವರಿಗೆ ಮೊದಲೇ ತಿಳಿಸಬೇಕಾಗುತ್ತದೆ.

ಸ್ಥಾನವನ್ನು ಯಾರಿಗೆ ಎಷ್ಟು ತೋರಿಸಬೇಕೆಂಬುದು ಬೇರೆಯೇ ವಿಚಾರ. ಭೀಮಗಡ ವನ್ಯಧಾಮದ ಬಾರಾಪೇಡೆ ಗುಹೆಗಳಲ್ಲಿ ವಾಸಿಸುವ, 1913ರಲ್ಲಿ ಓಲ್ಡ್‌ಫೀಲ್ಡ್ ಥಾಮಸ್ ವಿವರಿಸಿದ ರಾಟನ್ ಬಾವಲಿ ಜಗತ್ತಿನಲ್ಲಿ ಕಂಡಿರುವ ನೆಲೆಗಳು ಕೆಲವೇ. ಜನಸಂಚಾರದಿಂದ ಕದಡುವ ಇಂತಹ ಜೀವಿಗಳ ಚಿತ್ರಗಳಿಗಾಗಿ ಐನ್ಯಾಚುರಲಿಸ್ಟ್ ಎಂಬ ಜಾಲವ್ಯವಸ್ಥೆ ನಿಜವಾದ ಸ್ಥಾನವನ್ನು ಮುಚ್ಚಿ, 0.2 ಅಂಶದ ಚೌಕದೊಳಗೆ ಮನಬಂದ ಬಿಂದುವೊಂದನ್ನು ತೋರಿಸುತ್ತದೆ. ಈ ಅಕ್ಷಾಂಶದಲ್ಲಿ ಆ ಚೌಕ ಸುಮಾರು 22 ಕಿಲೋಮೀಟರ್ ಉದ್ದ, 21 ಕಿಲೋಮೀಟರ್ ಅಗಲ. ನಿಧಿಗಳ್ಳರ ಭಯದಿಂದ ವೀರಗಲ್ಲು, ಶಾಸನಗಳಿಗೂ ಇದೇ ಮರೆ ಬೇಕೆಂಬ ವಾದ ಆಗಾಗ ಕೇಳಿಬರುತ್ತದೆಯಾದರೂ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಗುಹೆಯ ದಾರಿಯನ್ನು ಬಲ್ಲವರು ಕೆಲವರೇ. ಊರ ಮುಂದಿನ ಕಲ್ಲಿನ ಜಾಗ ಆ ಊರಿಗೆಲ್ಲ ಗೊತ್ತು, ಮರೆಮಾಡಿದರೆ ಗೊತ್ತಾಗದೆ ಉಳಿಯುವುದು ರಸ್ತೆ ಅಗಲಿಸುವ ಗುತ್ತಿಗೆದಾರನಿಗೆ ಮತ್ತು ಅವನ ಯೋಜನೆಗೆ ಸಹಿ ಹಾಕುವ ಕಚೇರಿಗೆ. ಬೆಂಗಳೂರು ಭಾಗದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುತ್ತಿರುವ ಮಿಥಿಕ್ ಸೊಸೈಟಿಯ ಯೋಜನೆ ಅವುಗಳ ಸ್ಥಾನವನ್ನು ಸಾರ್ವಜನಿಕ ನಕಾಶೆಯಲ್ಲಿ ಬಹಿರಂಗವಾಗಿ ಗುರುತಿಸುವ ಕ್ರಮವನ್ನೇ ಅನುಸರಿಸಿದೆ. ಮಚ್ಛೆಯಿಂದ ಖಾನಾಪುರದವರೆಗೆ ಹೆದ್ದಾರಿಯ ಇಕ್ಕೆಲಗಳಲ್ಲಿ ಉಳಿದಿರಬಹುದಾದ ಕಲ್ಲುಗಳ ಮಟ್ಟಿಗೂ ಅದೇ ಕ್ರಮ ಹೆಚ್ಚು ಉಚಿತ. ಬಾರಾಪೇಡೆಯ ಚಿತ್ರಗಳಲ್ಲಿ ಮಾತ್ರ ಮೂಲ ಕಡತವನ್ನು ಸಂಸ್ಥೆಯ ಸಂಗ್ರಹದಲ್ಲಿ ಯಥಾವತ್ತಾಗಿ ಇರಿಸಿ, ಪ್ರಕಟಿಸುವ ಪ್ರತಿಯಲ್ಲಿ ಸ್ಥಾನದ ಕೋಷ್ಟಕವನ್ನು ಅಳಿಸಿ, ಅಳಿಸಿದ್ದನ್ನು ಅಡಿಬರಹದಲ್ಲಿ ಸ್ಪಷ್ಟವಾಗಿ ನಮೂದಿಸಬೇಕು.