ರೂಟರಿನ ಲೂಪ್‌ಬ್ಯಾಕ್ ವಿಳಾಸ: ಇದ್ದರೆ ಸಾಲದು, ಸಾರಬೇಕು

ನಾನು ವೃತ್ತಿಯಿಂದ ವೈದ್ಯ. ಷಾರ್ಲಟ್ ನಗರದ ದಕ್ಷಿಣಕ್ಕೆ, ರಾಜ್ಯದ ಗಡಿ ದಾಟಿದೊಡನೆ ಸಿಗುವ ಫೋರ್ಟ್ ಮಿಲ್‌ನಲ್ಲಿ ನನ್ನ ವಾಸ. ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ರೋಗಿಯೊಬ್ಬರ ಸಿ.ಟಿ. ಚಿತ್ರಗಳನ್ನು ಮನೆಯಿಂದಲೇ ನೋಡಬೇಕಾಗಿತ್ತು, ಅವು ತೆರೆಯಲಿಲ್ಲ. ಕಾರು ಹತ್ತಿ ಆಸ್ಪತ್ರೆಗೆ ಹೋದೆ. ರೋಗಿಗೆ ಅಪಾಯವಾಗಲಿಲ್ಲವಾದರೂ ಚಿಕಿತ್ಸೆಯ ನಿರ್ಧಾರ ನಲವತ್ತು ನಿಮಿಷ ತಡವಾಯಿತು.

ಮರುದಿನ ಜಾಲದ ಎಂಜಿನಿಯರ್ ಕಾರಣವನ್ನು ವಿವರಿಸಿದರು. ರೂಟರಿಗೆ ಬರುವ ಎರಡು ಸಂಪರ್ಕಗಳಲ್ಲಿ ಒಂದು ಕಡಿದಿತ್ತು. ಎರಡನೆಯದು ಸರಿಯಾಗಿಯೇ ಇತ್ತು. ಸಣ್ಣದೊಂದು ತಿದ್ದುಪಡಿ ಮಾಡಿದ್ದರೆ ಕೆಲಸ ಸಾಗುತ್ತಿತ್ತು. ಆದರೆ ಅವರು ಮನೆಯಿಂದ ರೂಟರನ್ನು ಪ್ರವೇಶಿಸಲು ಬಳಸುತ್ತಿದ್ದ ವಿಳಾಸ ಕಡಿದ ಸಂಪರ್ಕಕ್ಕೇ ಸೇರಿದ್ದಾಗಿತ್ತು. ರೂಟರಿಗೆ ಲೂಪ್‌ಬ್ಯಾಕ್ ವಿಳಾಸವೊಂದನ್ನು ಕೊಟ್ಟಿದ್ದರು. ಅದನ್ನು ಸಾರುವುದನ್ನು ಮಾತ್ರ ಮರೆತಿದ್ದರು.

ರೂಟರಿನ ಪ್ರತಿಯೊಂದು ಇಂಟರ್‌ಫೇಸಿಗೂ ಸಾಮಾನ್ಯವಾಗಿ ಪ್ರತ್ಯೇಕ ಐಪಿ ವಿಳಾಸವಿರುತ್ತದೆ. ಎರಡು ಬೀದಿಗಳಿಗೆ ಬಾಗಿಲಿರುವ ಮನೆಯನ್ನು ಊಹಿಸಿಕೊಳ್ಳಿ. ಮುಂಬಾಗಿಲಿನ ಸಂಖ್ಯೆಯಷ್ಟೇ ಅಂಚೆಯವನಿಗೆ ಗೊತ್ತಿದ್ದರೆ, ಆ ಬೀದಿಯನ್ನು ಅಗೆದ ದಿನ ಪತ್ರ ಬರುವುದಿಲ್ಲ. ಮಲೆನಾಡಿನಲ್ಲಿರುವಂತೆ ಮನೆಗೇ ಒಂದು ಹೆಸರಿದ್ದರೆ ಯಾವ ದಾರಿಯಿಂದಲಾದರೂ ಬರಬಹುದು. ಲೂಪ್‌ಬ್ಯಾಕ್ ಅಂಥ ಹೆಸರು. ಅದು ತಂತಿಯಿಲ್ಲದ, ತಂತ್ರಾಂಶದೊಳಗಿನ ಇಂಟರ್‌ಫೇಸ್. ಯಾರಾದರೂ ಬೇಕೆಂದೇ ನಿಲ್ಲಿಸದ ಹೊರತು, ರೂಟರ್ ಚಾಲನೆಯಲ್ಲಿರುವವರೆಗೆ ಅದು ಬೀಳುವುದಿಲ್ಲ. ನಮ್ಮ ಗಣಕಗಳು ತಮ್ಮೊಂದಿಗೆ ತಾವೇ ಮಾತಾಡಲು ಬಳಸುವ 127.0.0.1 ಬೇರೆ, ಅದು ಯಂತ್ರದ ಹೊರಗೆ ಹೋಗುವಂತಿಲ್ಲ.

ಹೆಸರಿದ್ದರೆ ಸಾಲದು, ನೆರೆಹೊರೆಗೆ ತಿಳಿದಿರಬೇಕು. ಆ ಕೆಲಸ ರೂಟಿಂಗ್ ಪ್ರೋಟೋಕಾಲ್‌ಗಳದು. 1998ರ ಆರ್‌ಎಫ್‌ಸಿ 2328ರಲ್ಲಿ ವಿವರಿಸಲಾದ ಓಎಸ್‌ಪಿಎಫ್ ಎರಡನೆಯ ಆವೃತ್ತಿಯಲ್ಲಿ ಲೂಪ್‌ಬ್ಯಾಕ್ ವಿಳಾಸವನ್ನು ಸೇರಿಸಿದರೆ, ಅದು /32 ಎಂಬ ಒಂಟಿ ವಿಳಾಸದ ಮಾರ್ಗವಾಗಿ ಜಾಲದ ಇತರ ರೂಟರುಗಳಿಗೆ ತಲುಪುತ್ತದೆ. ಒಂದು ಸಂಪರ್ಕ ಕಡಿದರೆ ಅವು ಇನ್ನೊಂದು ದಾರಿಯನ್ನು ಲೆಕ್ಕಹಾಕಿಕೊಳ್ಳುತ್ತವೆ, ವಿಳಾಸ ಬದಲಾಗುವುದಿಲ್ಲ. ಒಂದೇ ಸಂಸ್ಥೆಯೊಳಗಿನ ಬಿಜಿಪಿ ಸಂಬಂಧಗಳನ್ನು ಲೂಪ್‌ಬ್ಯಾಕ್‌ಗಳ ನಡುವೆ ಕಟ್ಟುವ ರೂಢಿಗೂ ಇದೇ ಕಾರಣ.

ವೈದ್ಯನಿಗೆ ಇದು ಅಪರಿಚಿತವಲ್ಲ. ಮಣಿಕಟ್ಟಿನಲ್ಲಿ ನಾಡಿ ಸಿಗದಿದ್ದರೆ ಹೃದಯ ನಿಂತಿತೆಂದು ನಾವು ತೀರ್ಮಾನಿಸುವುದಿಲ್ಲ, ಕುತ್ತಿಗೆಯಲ್ಲಿ ನೋಡುತ್ತೇವೆ. ತೋಳಿನ ರಕ್ತನಾಳವಷ್ಟೇ ಕಟ್ಟಿರಬಹುದು.

ಈ ಉಪಾಯಕ್ಕೂ ಮಿತಿಯಿದೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ಕಾಲ ಜಗತ್ತಿಗೆ ಕಾಣದಾಯಿತು. ನಿರ್ವಹಣೆಯ ವೇಳೆ ಕೊಟ್ಟ ಆದೇಶವೊಂದರಿಂದ ಅದರ ಬೆನ್ನೆಲುಬಿನ ಜಾಲ ಕಡಿಯಿತು. ಡಿಎನ್‌ಎಸ್ ಸರ್ವರುಗಳು ಬಿಜಿಪಿಯಲ್ಲಿ ತಮ್ಮ ವಿಳಾಸ ಸಾರುವುದನ್ನು ನಿಲ್ಲಿಸಿದವು. ಆ ಸರ್ವರುಗಳು ಕೆಲಸ ಮಾಡುತ್ತಲೇ ಇದ್ದವು, ಆದರೆ ಯಾರಿಗೂ ಸಿಗುತ್ತಿರಲಿಲ್ಲ. ತುರ್ತಿಗಾಗಿ ಇಟ್ಟಿದ್ದ ಪ್ರತ್ಯೇಕ ಮಾರ್ಗವೂ ಕೈಕೊಟ್ಟದ್ದರಿಂದ ಎಂಜಿನಿಯರುಗಳನ್ನು ಸ್ಥಳಕ್ಕೇ ಕಳುಹಿಸಬೇಕಾಯಿತು. ರೂಟಿಂಗ್ ವ್ಯವಸ್ಥೆಯೇ ಕುಸಿದರೆ ಲೂಪ್‌ಬ್ಯಾಕ್ ಕಾಪಾಡಲಾರದು. ಮುಖ್ಯ ಜಾಲವನ್ನು ಅವಲಂಬಿಸದ ಇನ್ನೊಂದು ದಾರಿ ಬೇಕೇ ಬೇಕು.

ಸಾರುವುದೆಂದರೆ ಲೋಕಕ್ಕೆಲ್ಲ ಸಾರುವುದೂ ಅಲ್ಲ. ನಿರ್ವಹಣೆಯ ಲೂಪ್‌ಬ್ಯಾಕ್ ವಿಳಾಸ ಸಂಸ್ಥೆಯ ಒಳಜಾಲದಲ್ಲಿಯೇ ಉಳಿಯಬೇಕು. ದೂರದಿಂದ ಬರುವವರು ಮೊದಲು ವಿಪಿಎನ್ ಮೂಲಕ ಒಳಬಂದು, ಬಳಿಕ ಎಸ್‌ಎಸ್‌ಎಚ್ ಬಳಸಬೇಕು. ಅದಕ್ಕೂ ಆಯ್ದ ಕೆಲವರಿಗಷ್ಟೇ ಅನುಮತಿ ಇರಬೇಕು.

ನಮ್ಮ ಬಳಗದಲ್ಲಿ ಚಿಕಿತ್ಸಾಲಯ ನಡೆಸುವವರೂ ಜಾಲ ನೋಡಿಕೊಳ್ಳುವವರೂ ಇದ್ದಾರೆ. ಇಬ್ಬರಿಗೂ ನನ್ನದೊಂದು ಸಲಹೆ: ರೋಗಿಗಳಿಲ್ಲದ ಬಿಡುವಿನ ದಿನ ಒಂದು ತಂತಿಯನ್ನು ಕೈಯಾರೆ ಕಿತ್ತು, ಮನೆಯಿಂದ ರೂಟರನ್ನು ತಲುಪಲು ಸಾಧ್ಯವೇ ಎಂದು ಪರೀಕ್ಷಿಸಿ. ಆ ಉತ್ತರವನ್ನು ನಡುರಾತ್ರಿಯಲ್ಲಿ ಕಂಡುಕೊಳ್ಳುವಂತಾಗಬಾರದು.