ದೀಕ್ಷಾಸ್ನಾನವೂ ಕ್ರೈಸ್ತರ ನಿತ್ಯಜೀವನವೂ

ಕ್ರೈಸ್ತಮತದ ಸಂಸ್ಕಾರಗಳಲ್ಲಿ ಮೊದಲನೆಯದು ದೀಕ್ಷಾಸ್ನಾನ. ಇದರ ಮೂಲನಾಮವಾದ ‘ಬಾಪ್ತಿಸ್ಮ’ವೆಂಬುದು ಅದ್ದು, ಮುಳುಗಿಸು ಎಂಬರ್ಥದ ಗ್ರೀಕ್ ಧಾತುವಿನಿಂದ ನಿಷ್ಪನ್ನವಾದ ಶಬ್ದ. ಕನ್ನಡದಲ್ಲಿ ಇದಕ್ಕೆ ಎರಡು ಪರ್ಯಾಯಪದಗಳು ರೂಢಿಗೆ ಬಂದಿವೆ: ರೋಮನ್ ಕೆಥೋಲಿಕರಲ್ಲಿ ವಿಶೇಷವಾಗಿ ಕೇಳಿಬರುವ ‘ಜ್ಞಾನಸ್ನಾನ’ವೊಂದು, ಪ್ರಾಟೆಸ್ಟಂಟರ ಬೈಬಲಿನಲ್ಲಿ ನೆಲೆಗೊಂಡಿರುವ ‘ದೀಕ್ಷಾಸ್ನಾನ’ವೊಂದು. ಸ್ನಾನಶಬ್ದವು ಎರಡಕ್ಕೂ ಸಮಾನ. ಪೂರ್ವಪದದಲ್ಲಿ ಮಾತ್ರ ಭೇದ. ಎರಡನೆಯ ಶತಮಾನದ ಜಸ್ಟಿನನು ಈ ಸಂಸ್ಕಾರವನ್ನು ‘ಪ್ರಕಾಶ’ವೆಂದು ಕರೆದಿರುವುದರಿಂದ ಜ್ಞಾನಶಬ್ದವು ನಿರಾಧಾರವಾದುದೆನ್ನಲಾಗದು. ದೀಕ್ಷಾಶಬ್ದವಾದರೋ ವ್ರತಸ್ವೀಕಾರವನ್ನು ಸೂಚಿಸುತ್ತದೆ.

ಈ ಸ್ನಾನವು ಕ್ಷಣಮಾತ್ರದ ಕ್ರಿಯೆ. ಜನ್ಮದಲ್ಲಿ ಒಂದೇ ಸಲ ನಡೆಯತಕ್ಕದ್ದು. ಹೀಗಿರಲು ಅದು ಜೀವಮಾನದ ಉಳಿದ ದಿನಗಳನ್ನು ವ್ಯಾಪಿಸುವ ಬಗೆ ಹೇಗೆ? ಆ ನೀರಿನಲ್ಲಿ ತೊಳೆದುಹೋಗುವುದೇನು, ತೊಳೆಯದೆ ಉಳಿಯುವುದೇನು? ಕ್ರೈಸ್ತಸಭೆಯ ಚರಿತ್ರೆಯಲ್ಲಿ ಮತ್ತೆ ಮತ್ತೆ ತಲೆಯೆತ್ತಿದ ಪ್ರಶ್ನೆಗಳಿವು.

ಅಪೊಸ್ತಲನಾದ ಪೌಲನ ಮತದಲ್ಲಿ ನೀರಿನಲ್ಲಿ ಮುಳುಗುವುದೆಂದರೆ ಕ್ರಿಸ್ತನೊಡನೆ ಸತ್ತು ಹೂಳಲ್ಪಡುವುದು; ಮೇಲಕ್ಕೇಳುವುದೆಂದರೆ ಹೊಸ ಬಾಳನ್ನು ನಡೆಯುವುದು. ಆದಿಸಭೆಯವರು ಇದನ್ನು ಅಲಂಕಾರದ ಮಾತೆಂದು ಬಗೆಯಲಿಲ್ಲ. ಹಿಪ್ಪೊಲಿಟಸನದೆಂದು ಪ್ರಸಿದ್ಧವಾದ ‘ಅಪೊಸ್ತಲಿಕ ಸಂಪ್ರದಾಯ’ವೆಂಬ ಗ್ರಂಥವು ದೀಕ್ಷಾರ್ಥಿಗೆ ೩ ವರ್ಷಗಳ ಶಿಕ್ಷಣವನ್ನು ವಿಧಿಸಿ, ಅವನ ನಡತೆಯನ್ನೂ ಕಸುಬನ್ನೂ ವಿಚಾರಿಸತಕ್ಕದ್ದೆಂದು ಹೇಳುತ್ತದೆ. ಶಿಲ್ಪಿಯು ದೇವತಾಪ್ರತಿಮೆಗಳನ್ನು ಮಾಡಕೂಡದು. ನಟನೂ, ರಂಗದಲ್ಲಿ ಕಾದಿ ಕೊಲ್ಲುವ ಮಲ್ಲನೂ ವೃತ್ತಿಯನ್ನು ಬಿಡಬೇಕು. ಮಕ್ಕಳಿಗೆ ಲೌಕಿಕವಿದ್ಯೆಯನ್ನು ಕಲಿಸುವ ಉಪಾಧ್ಯಾಯನು ಅದನ್ನು ಬಿಟ್ಟರೆ ಲೇಸು. ಬೇರೆ ಜೀವನೋಪಾಯವಿಲ್ಲದಿದ್ದರೆ ಮಾತ್ರ ಅವನಿಗೆ ಕ್ಷಮೆಯುಂಟು. ದೀಕ್ಷೆಯ ಅರ್ಥವು ಹೀಗೆ ದಿನದ ಅನ್ನವನ್ನು ಸಂಪಾದಿಸುವ ಕೈಯವರೆಗೂ ಬಂದಿತು.

ಇಷ್ಟು ಭಾರವಾದ ವ್ರತಕ್ಕೆ ಅಂಜಿದವರೂ ಉಂಟು. ಸ್ನಾನಾನಂತರ ಪಾಪವೊದಗಿದರೆ ಗತಿಯೇನೆಂದು ನಾಲ್ಕನೆಯ ಶತಮಾನದಲ್ಲಿ ಅನೇಕರು ಅದನ್ನು ಮುಂದೂಡುತ್ತಿದ್ದರು. ಚಕ್ರವರ್ತಿಯಾದ ಕಾನ್‌ಸ್ಟಂಟೈನನು ಸ್ನಾನವನ್ನು ಪಡೆದುದು ೩೩೭ರಲ್ಲಿ, ಮರಣಶಯ್ಯೆಯಲ್ಲಿ. ಮುಂದೆ ಶಿಶುಗಳಿಗೆ ಸಂಸ್ಕಾರಮಾಡುವ ಪದ್ಧತಿಯು ಬಲಿತ ಮೇಲೆ ಸಂಕಟವು ತಿರುಗಿ ನಿಂತಿತು: ನೆನಪಿಲ್ಲದ ವಯಸ್ಸಿನಲ್ಲಿ ನಡೆದ ಸ್ನಾನವು ನೆನಪುಳ್ಳ ಬಾಳಿಗೆ ಏನನ್ನು ಮಾಡೀತು? ಮಾರ್ಟಿನ್ ಲೂಥರನು ೧೫೨೯ರ ಸಣ್ಣ ಪ್ರಶ್ನೋತ್ತರಮಾಲೆಯಲ್ಲಿ ಇದಕ್ಕೆ ಸಮಾಧಾನವನ್ನು ಹೇಳಿದನು. ಮನುಷ್ಯನಲ್ಲಿರುವ ಹಳೆಯ ಆದಾಮನು ದಿನದಿನವೂ ಪಶ್ಚಾತ್ತಾಪದಿಂದ ಮುಳುಗಿ ಸಾಯಬೇಕು, ಹೊಸ ಮನುಷ್ಯನು ದಿನದಿನವೂ ಏಳಬೇಕು. ನೀರಿನ ಸ್ನಾನಕ್ಕೆ ಇದೇ ಅರ್ಥವೆಂಬುದು ಅವನ ಸಿದ್ಧಾಂತ. ಉಪನಯನವು ಒಂದು ಸಲ, ಸಂಧ್ಯಾವಂದನೆಯು ಪ್ರತಿದಿನ; ಲಿಂಗದೀಕ್ಷೆಯು ಒಂದು ಸಲ, ಇಷ್ಟಲಿಂಗಪೂಜೆಯು ಪ್ರತಿದಿನ. ಈ ನ್ಯಾಯವನ್ನು ಬಲ್ಲ ಕನ್ನಡಿಗರಿಗೆ ಲೂಥರನ ಅಭಿಪ್ರಾಯವು ದುರ್ಗ್ರಾಹ್ಯವಾಗಲಾರದು.

ಈ ಸಂಸ್ಕಾರವು ಭರತಖಂಡದಲ್ಲಿ ಜಾತಿಕುಲಗಳ ವ್ಯವಸ್ಥೆಯನ್ನು ಎದುರಿಸಬೇಕಾಯಿತು. ೧೬೦೬ರಲ್ಲಿ ಮಧುರೆಗೆ ಬಂದ ರಾಬರ್ಟ್ ದೆ ನೊಬಿಲಿಯು, ಸ್ನಾನವನ್ನು ಪಡೆದ ಬ್ರಾಹ್ಮಣನು ಜನಿವಾರ, ಶಿಖೆ, ಗಂಧಗಳನ್ನು ಇಟ್ಟುಕೊಳ್ಳಬಹುದು, ಅವು ಕುಲಮರ್ಯಾದೆಯ ಲಾಂಛನಗಳೇ ಹೊರತು ಮತಚಿಹ್ನೆಗಳಲ್ಲವೆಂದು ವಾದಿಸಿದನು. ಪ್ರತಿವಾದಿಗಳಾದರೋ ಅವೆಲ್ಲವೂ ಪೂರ್ವಮತದ ಅಂಗಗಳೇ ಎಂದರು. ೧೬೨೩ರಲ್ಲಿ ಹದಿನೈದನೆಯ ಗ್ರೆಗರಿ ಎಂಬ ಪೋಪನು, ಪೂರ್ವಮತದ ಭಾವವನ್ನು ತೊರೆದು ಧರಿಸುವುದಾದರೆ ಅಡ್ಡಿಯಿಲ್ಲವೆಂದು ಅನುಮತಿಯನ್ನಿತ್ತನು. ಇದರಿಂದ ವಿದ್ಯಾವಂತರಿಗೆ ದಾರಿ ತೆರೆಯಿತು. ಆದರೆ ಒಂದೇ ನೀರಿನಲ್ಲಿ ಮಿಂದವರ ನಡುವೆ ಜಾತಿಯ ಅಂತರವು ಉಳಿಯಲು ಎಡೆಯೂ ಆಯಿತು. ಯೆಹೂದ್ಯ–ಗ್ರೀಕ, ದಾಸ–ಸ್ವತಂತ್ರ ಎಂಬ ಭೇದಗಳು ಸ್ನಾನಾನಂತರ ಇಲ್ಲವೆಂಬ ಪೌಲನ ವಾಕ್ಯಕ್ಕೆ ಇದು ಎಷ್ಟರ ಮಟ್ಟಿಗೆ ಹೊಂದುವುದೆಂಬುದು ಅಂದಿನಿಂದಲೂ ವಿವಾದಾಸ್ಪದವಾಗಿದೆ.

ಕನ್ನಡ ಕರಾವಳಿಯ ಕಥೆ ಬೇರೊಂದು ತೆರನಾದುದು. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಸಭೆಯೊಳಗೆ ಜಾತಿಭೇದಕ್ಕೆ ಎಡೆಗೊಡಬಾರದೆಂದು ಹಟಹಿಡಿದರು. ಅವರ ಸಭೆಗೆ ಸೇರಿದವರಲ್ಲಿ ಬಿಲ್ಲವರು ಅನೇಕರು. ಕಳ್ಳಿಳಿಸುವ ಮೂರ್ತೆಯ ಕಸುಬನ್ನೂ ಭೂತಾರಾಧನೆಯನ್ನೂ ದೀಕ್ಷಿತನು ಬಿಡಬೇಕೆಂಬುದು ನಿಯಮ. ಬಿಟ್ಟವನಿಗೆ ಅನ್ನವೆಲ್ಲಿ? ಆದಿಸಭೆಯ ಉಪಾಧ್ಯಾಯನಿಗೆ ದೊರೆತ ಕ್ಷಮೆಯು ಇಲ್ಲಿ ದೊರೆಯಲಿಲ್ಲ. ಅದಕ್ಕೆ ಪ್ರತಿಯಾಗಿ ಬೇರೆ ಕೆಲಸವು ದೊರೆಯಿತು. ಮುದ್ರಣಾಲಯ, ನೇಯ್ಗೆಯ ಮಗ್ಗಗಳು, ೧೮೬೫ರಲ್ಲಿ ಪ್ಲೆಬ್ಸ್ಟನು ಸ್ಥಾಪಿಸಿದ ಹಂಚಿನ ಕಾರ್ಖಾನೆ, ಇವುಗಳ ಉತ್ಪತ್ತಿಗೆ ಇದೂ ಒಂದು ಮುಖ್ಯಕಾರಣ. ಮಂಗಳೂರು ಹಂಚು ಈ ನಾಡಿನ ಮನೆಗಳ ಮಾಡನ್ನು ಹೊದಿಸಿದ ಚರಿತ್ರೆಯಲ್ಲಿ ದೀಕ್ಷಾಸ್ನಾನದ ಒಂದು ಹನಿ ಸೇರಿದೆಯೆಂದರೆ ಅತಿಶಯೋಕ್ತಿಯಾಗದು.

ಕುಲೀನರ ಕಷ್ಟವು ಮತ್ತೊಂದು ಬಗೆಯದು. ಸಾರಸ್ವತ ಬ್ರಾಹ್ಮಣರಾದ ಆನಂದರಾಯ ಕೌಂಡಿನ್ಯರು ೧೮೪೪ರಲ್ಲಿ ಮಂಗಳೂರಿನಲ್ಲಿ ಸ್ನಾನವನ್ನು ಪಡೆದು, ಗುರುವಾದ ಹೆರ್ಮನ್ ಮೊಗ್ಲಿಂಗರ ನಾಮಧೇಯವನ್ನು ಧರಿಸಿದರು. ಬಾಸೆಲಿನಲ್ಲಿ ಓದಿ ೧೮೫೧ರಲ್ಲಿ ಬೋಧಕದೀಕ್ಷೆಯನ್ನು ಪಡೆದರು. ಹುಟ್ಟಿದ ಕುಲವು ಅವರಿಗೆ ದೂರವಾಯಿತು. ಆದರೂ ೧೮೯೩ರಲ್ಲಿ ಅವರು ತೀರಿಕೊಳ್ಳುವವರೆಗೂ ‘ಹೆರ್ಮನ್ ಆನಂದರಾಯ ಕೌಂಡಿನ್ಯ’ ಎಂಬ ನಾಮದಲ್ಲಿ ಗುರುವಿನ ಹೆಸರೂ, ತಂದೆತಾಯಿಗಳಿಟ್ಟ ಹೆಸರೂ, ಗೋತ್ರದ ಹೆಸರೂ ಜೊತೆಯಾಗಿಯೇ ಇದ್ದುವು.

ತೊಳೆದುಹೋದುದೇನೆಂಬ ವಿಚಾರವನ್ನು ನ್ಯಾಯಾಸ್ಥಾನಗಳೂ ನಿರ್ಣಯಿಸಬೇಕಾಯಿತು. ಮತಾಂತರದಿಂದ ಸ್ವತ್ತಿನ ಹಕ್ಕು ನಷ್ಟವಾಗಕೂಡದೆಂದು ೧೮೫೦ರ ಕಾನೂನು ವಿಧಿಸಿತು. ಬಳ್ಳಾರಿಯ ಅಬ್ರಹಾಂ ಕುಟುಂಬದ ವ್ಯಾಜ್ಯದಲ್ಲಿ ಪ್ರಿವಿ ಕೌನ್ಸಿಲು ೧೮೬೩ರಲ್ಲಿ ಹೀಗೆ ತೀರ್ಮಾನಿಸಿತು: ಕ್ರೈಸ್ತನಾದವನಿಗೆ ಹಿಂದೂ ಧರ್ಮಶಾಸ್ತ್ರದ ಬಂಧನವು ತಪ್ಪುತ್ತದೆ, ಆದರೆ ಸ್ವತ್ತಿನ ವಿಷಯದಲ್ಲಿ ಹಳೆಯ ನಿಯಮವನ್ನು ಬಿಡುವುದಾಗಲಿ ಅನುಸರಿಸುವುದಾಗಲಿ ಅವನ ಇಷ್ಟಕ್ಕೆ ಸೇರಿದ್ದು, ಯಾವುದನ್ನು ಆರಿಸಿಕೊಂಡನೆಂಬುದು ಅವನ ನಡವಳಿಕೆಯಿಂದಲೇ ತಿಳಿಯತಕ್ಕದ್ದು. ೧೮೬೫ರ ಉತ್ತರಾಧಿಕಾರದ ಕಾನೂನು ಈ ಸ್ವಾತಂತ್ರ್ಯವನ್ನು ಮಿತಗೊಳಿಸಿತಾದರೂ, ನಡವಳಿಕೆಯೇ ಪ್ರಮಾಣವೆಂಬ ತತ್ತ್ವವು ಮನನೀಯವಾದುದು. ಧರ್ಮಾಚಾರ್ಯನಾದ ಲೂಥರನೂ ಲೌಕಿಕನ್ಯಾಯಾಧೀಶರೂ ಬೇರೆ ಬೇರೆ ದಾರಿಗಳಿಂದ ಒಂದೇ ಎಡೆಗೆ ಬಂದಂತಾಯಿತು.

ಇನ್ನು ಶಬ್ದವಿಚಾರ. ಸೋಮಯಾಗದಲ್ಲಿ ಯಜಮಾನನು ಆದಿಯಲ್ಲಿ ಸ್ನಾನಮಾಡಿ ದೀಕ್ಷಿತನಾಗುತ್ತಾನೆ. ವ್ರತಾಂತ್ಯದಲ್ಲಿ ಅವಭೃಥಸ್ನಾನದಿಂದ ದೀಕ್ಷೆಯನ್ನು ವಿಸರ್ಜಿಸಿ ಮನೆಗೆ ಮರಳುತ್ತಾನೆ. ಕ್ರೈಸ್ತನ ದೀಕ್ಷೆಗೆ ಆದಿಯ ಸ್ನಾನವುಂಟು, ಅವಭೃಥವಿಲ್ಲ. ಸ್ನಾನದ ಅರ್ಥವು ಮರಣದಲ್ಲಿಯೇ ಪೂರ್ಣವಾಗುವುದೆಂದು ಲೂಥರನು ೧೫೧೯ರಲ್ಲಿಯೇ ಬೋಧಿಸಿದ್ದನು. ಆದುದರಿಂದ ದೀಕ್ಷಾಸ್ನಾನವೆಂಬ ಪದವನ್ನು ಬಳಕೆಗೆ ತಂದವರು ಕನ್ನಡಕ್ಕೆ ಉಚಿತವಾದ ಶಬ್ದವನ್ನೇ ಕೊಟ್ಟಿರುವರು. ಜ್ಞಾನಸ್ನಾನವೆಂಬುದು ಆ ಕ್ಷಣದ ಬೆಳಕನ್ನು ಹೇಳುತ್ತದೆ; ದೀಕ್ಷಾಸ್ನಾನವೆಂಬುದು ಆ ಬೆಳಕಿನಲ್ಲಿ ನಡೆಯಬೇಕಾದ ದಾರಿಯನ್ನು ಹೇಳುತ್ತದೆ. ಕಸುಬು, ಹೆಸರು, ಬಂಧುತ್ವ, ಸ್ವತ್ತು ಇವೆಲ್ಲವೂ ಆ ದಾರಿಯಲ್ಲಿ ಪರೀಕ್ಷೆಗೆ ಒಳಗಾದುದನ್ನು ಚರಿತ್ರೆಯು ತೋರಿಸುತ್ತದೆ. ನೀರು ಆರಿದ ಮೇಲೆಯೇ ಸ್ನಾನದ ಅರ್ಥವು ತೊಡಗುವುದು.