ಕೂಲೆಂಟ್ ಕಡಿಮೆ ಆದ್ರೆ ಏನರ್ಥ? ಉತ್ತರ ಬದಲಾದ ಕಥೆ

ಬಾನೆಟ್ ಒಳಗಿನ ಇತಿಹಾಸ | ಭಾಗ 4

1/7
ಇಂಜಿನ್‌ನಲ್ಲಿ ನೀರು ಕಡಿಮೆಯಾಗಿದೆ ಅಂದ್ರೆ ಏನರ್ಥ? 1888ರಲ್ಲಿ ಕೇಳಿದ್ರೆ "ಕಾರು ಓಡಿದೆ" ಅಂತ ಅರ್ಥ. ಇವತ್ತು ಕೇಳಿದ್ರೆ "ಎಲ್ಲೋ ಸೋರ್ತಾ ಇದೆ" ಅಂತ ಅರ್ಥ. ಪ್ರಶ್ನೆ ಒಂದೇ, ಉತ್ತರ ಪೂರ್ತಿ ಉಲ್ಟಾ. ನಮ್ಮಲ್ಲಿ ಬಹಳ ಜನ ಇವತ್ತಿನ ಕಾರಿಗೆ ಹಳೇ ಉತ್ತರವನ್ನೇ ಕೊಡ್ತಿದೀವಿ. ಅದಕ್ಕೆ ಬೆಲೆ ಕಟ್ಟೋದು ಇಂಜಿನ್. ಈ ಉತ್ತರ ಹೇಗೆ ಬದಲಾಯ್ತು ನೋಡೋಣ ಬನ್ನಿ.

2/7
1888ರ ಆಗಸ್ಟ್. ಜರ್ಮನಿಯ ಮಾನ್‌ಹೈಮ್ ಊರಿಂದ ಬೆರ್ಥಾ ಬೆಂಜ್ ತಮ್ಮ ಇಬ್ಬರು ಗಂಡುಮಕ್ಕಳನ್ನ ಕರ್ಕೊಂಡು, ಗಂಡ ಕಾರ್ಲ್ ಬೆಂಜ್‌ಗೆ ಹೇಳದೇ, ಅವರೇ ತಯಾರಿಸಿದ್ದ ಕಾರಲ್ಲಿ ಫೋರ್ಟ್ಸ್‌ಹೈಮ್‌ನ ತವರಿಗೆ ಹೊರಟರು. ನೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ದಾರಿ. ಆ ಕಾರಲ್ಲಿ ಇವತ್ತಿನ ಥರ ರೇಡಿಯೇಟರ್ ಇರಲಿಲ್ಲ. ಇಂಜಿನ್ ಸುತ್ತ ಇದ್ದ ನೀರು ಕುದ್ದು ಆವಿಯಾಗ್ತಿತ್ತು, ಆವಿ ಜೊತೆ ಬಿಸಿಯೂ ಹೊರಗೆ ಹೋಗ್ತಿತ್ತು. ಅದಕ್ಕೇ ದಾರಿಯುದ್ದಕ್ಕೂ ನಿಲ್ಲಿಸಿ ನಿಲ್ಲಿಸಿ ನೀರು ತುಂಬಿಸಬೇಕಾಯ್ತು. ನೀರು ಖಾಲಿಯಾಗೋದು ಅಲ್ಲಿ ದೋಷ ಅಲ್ಲ. ಇಂಜಿನ್ ತಣ್ಣಗಾಗ್ತಿದ್ದದ್ದೇ ಹಾಗೆ.

3/7
1900ರ ಕೊನೆಗೆ ವಿಲ್‌ಹೆಲ್ಮ್ ಮೇಬಾಕ್ ಅನ್ನೋ ಇಂಜಿನಿಯರ್ ಮರ್ಸಿಡಿಸ್ ಕಾರಿಗೆ ಜೇನುಗೂಡಿನಂಥ ರೇಡಿಯೇಟರ್ ಮಾಡಿದರು. ಸಾವಿರಾರು ಪುಟ್ಟ ಕೊಳವೆಗಳು, ಅವುಗಳೊಳಗೆ ಗಾಳಿ, ಸುತ್ತ ನೀರು. ಈಗ ನೀರು ಆವಿಯಾಗಿ ಹೋಗಬೇಕಿಲ್ಲ, ಅದೇ ನೀರು ಸುತ್ತಾಡಿದ್ರೆ ಸಾಕು.

1908ರಿಂದ 1927ರವರೆಗೆ ಬಂದ ಫೋರ್ಡ್ ಮಾಡೆಲ್ ಟಿ ನೋಡಿ. ಮೊದಲ ಸುಮಾರು 2,500 ಕಾರು ಬಿಟ್ಟರೆ ಮಿಕ್ಕವಕ್ಕೆ ವಾಟರ್ ಪಂಪೇ ಇರಲಿಲ್ಲ. ಬಿಸಿ ನೀರು ಮೇಲಕ್ಕೆ, ತಣ್ಣೀರು ಕೆಳಕ್ಕೆ, ಅಷ್ಟೇ. ನಮ್ಮ ತಾರಸಿ ಮೇಲಿನ ಸೋಲಾರ್ ಹೀಟರ್ ಕೆಲಸ ಮಾಡೋದೂ ಹೀಗೇ. ಆದ್ರೆ ನೀರಿನ ಮಟ್ಟ ಮೇಲಿನ ಪೈಪಿಗಿಂತ ಕೆಳಗಿಳಿದ್ರೆ ಈ ಸುತ್ತಾಟ ನಿಂತೇ ಹೋಗುತ್ತೆ. ಏರುದಾರಿಯಲ್ಲಿ ಕುದ್ದರೆ ನೀರು ಹೊರಗೆ ಚೆಲ್ತಿತ್ತು. ಹಾಗಾಗಿ ನೀರು ಹಾಕೋ ಅಭ್ಯಾಸ ಹೋಗಲಿಲ್ಲ.

4/7
ಚಳಿ ದೇಶಗಳಲ್ಲಿ ಇನ್ನೊಂದು ತಲೆನೋವು. ನೀರು ಹೆಪ್ಪುಗಟ್ಟಿ ಹಿಗ್ಗಿದ್ರೆ ಇಂಜಿನ್ ಬ್ಲಾಕೇ ಸೀಳುತ್ತೆ. ಅದಕ್ಕೆ ನೀರಿಗೆ ಆಲ್ಕೋಹಾಲ್ ಬೆರೆಸಿದ್ರು. ಆದ್ರೆ ಮೆಥನಾಲ್ 65 ಡಿಗ್ರಿಗೇ ಕುದಿಯುತ್ತೆ, ಓಡ್ತಾ ಓಡ್ತಾ ಆರಿಹೋಗುತ್ತೆ. ಮತ್ತೆ ಹಾಕು, ಮತ್ತೆ ಹಾಕು!

1927ರಲ್ಲಿ ಅಮೆರಿಕದಲ್ಲಿ ಪ್ರೆಸ್ಟೋನ್ ಹೆಸರಲ್ಲಿ ಎಥಿಲೀನ್ ಗ್ಲೈಕಾಲ್ ಮಾರಾಟಕ್ಕೆ ಬಂತು. ಇದರ ಕುದಿಬಿಂದು ಸುಮಾರು 197 ಡಿಗ್ರಿ. ಅರ್ಧ ನೀರು, ಅರ್ಧ ಗ್ಲೈಕಾಲ್ ಬೆರೆಸಿದ್ರೆ ಮೈನಸ್ 35 ಡಿಗ್ರಿ ದಾಟಿದ್ರೂ ಹೆಪ್ಪುಗಟ್ಟಲ್ಲ. ನಮ್ಮೂರಲ್ಲಿ ಹಿಮ ಎಲ್ಲಿ ಅಂತೀರಾ? ನಮಗೆ ಬೇಕಾದ್ದು ಇನ್ನೆರಡು ಗುಣ: ಬೇಗ ಕುದಿಯಲ್ಲ, ಜೊತೆಗೆ ಬೆರೆಸಿರೋ ರಾಸಾಯನಿಕಗಳು ತುಕ್ಕು ತಡೆಯುತ್ತವೆ.

5/7
ಆಮೇಲೆ ಬಂತು ಒತ್ತಡ ಹಿಡಿದಿಡೋ ಮುಚ್ಚಳ. ಪ್ರೆಷರ್ ಕುಕ್ಕರಿನ ಲೆಕ್ಕವೇ: ಒತ್ತಡ ಏರಿದಷ್ಟೂ ಕುದಿಯೋದು ತಡ. 1961ರ ರೆನೋ 4 ಕಾರಲ್ಲಿ ಪೂರ್ತಿ ಮುಚ್ಚಿದ ವ್ಯವಸ್ಥೆಯೇ ಬಂತು. ಬಿಸಿಗೆ ಹಿಗ್ಗಿದ ದ್ರವ ಪಕ್ಕದ ಡಬ್ಬಿಗೆ ಹೋಗುತ್ತೆ, ತಣ್ಣಗಾದ ಮೇಲೆ ವಾಪಸ್ ಬರುತ್ತೆ. ಹೊರಗೆ ಹೋಗೋಕೆ ದಾರಿಯೇ ಇಲ್ಲ.

ಇಲ್ಲೇ ಉತ್ತರ ಬದಲಾಗಿದ್ದು. ಕೂಲೆಂಟ್ ಈಗ ಪೆಟ್ರೋಲ್ ಥರ ಖರ್ಚಾಗೋ ವಸ್ತು ಅಲ್ಲ. ಆದ್ರೆ ನಮ್ಮಲ್ಲಿ ಅಂಬಾಸಡರ್ ಓಡಿಸಿದ ತಲೆಮಾರು ಘಾಟಿ ಹತ್ತೋ ಮುಂಚೆ ಡಿಕ್ಕಿಯಲ್ಲಿ ನೀರಿನ ಕ್ಯಾನ್ ಇಟ್ಕೊಂಡು ಬೆಳೆದದ್ದು. "ನೀರು ಹಾಕು, ಸರಿಹೋಗುತ್ತೆ" ಅನ್ನೋ ಮಾತು ಅವರ ಗಾಡಿಗೆ ನಿಜವೇ ಆಗಿತ್ತು.

6/7
ಹಾಗಾದ್ರೆ ನಿಮ್ಮ ಗಾಡೀಲಿ ಮಟ್ಟ ಇಳಿದಿದ್ರೆ? ಬೆಳಗ್ಗೆ ಇಂಜಿನ್ ತಣ್ಣಗಿರುವಾಗ, ಸಮತಟ್ಟಾದ ಜಾಗದಲ್ಲಿ ನೋಡಿ. ಎರಡು ಗೆರೆಗಳ ಮಧ್ಯೆ ತುಂಬಿಸಿ, ಒಂದು ಫೋಟೋ ತೆಗೆದಿಟ್ಕೊಳ್ಳಿ. ಕೆಲವು ದಿನ ಬಿಟ್ಟು ಮತ್ತೆ ನೋಡಿ. ಮತ್ತೆ ಇಳಿದಿದ್ರೆ ಸೋರಿಕೆ ಹುಡುಕಿ:

• ನೆಲದ ಮೇಲೆ ಬಣ್ಣದ ಹನಿ, ಪೈಪ್ ಸೇರೋ ಕಡೆ ಒಣಗಿದ ಕಲೆ: ಪೈಪ್, ವಾಟರ್ ಪಂಪ್ ಅಥವಾ ರೇಡಿಯೇಟರ್. (ಬಣ್ಣವಿಲ್ಲದ ಬರೀ ನೀರು ತೊಟ್ಟಿಕ್ಕಿದ್ರೆ ಸಾಮಾನ್ಯವಾಗಿ ಅದು ಏಸಿಯದ್ದು, ಗಾಬರಿ ಬೇಡ.)
• ಕಾರೊಳಗೆ ಸಿಹಿ ವಾಸನೆ, ಕಾಲ ಕೆಳಗಿನ ಮ್ಯಾಟ್ ಒದ್ದೆ: ಹೀಟರ್‌ನ ಒಳಗಿನ ರೇಡಿಯೇಟರ್.
• ಇಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ಆಯಿಲ್ ಹಾಲುಹಾಲಾಗಿ ಕಾಣೋದು: ಹೆಡ್ ಗ್ಯಾಸ್ಕೆಟ್ ಇರಬಹುದು. ಗಾಡಿ ಓಡಿಸಬೇಡಿ, ಮೆಕ್ಯಾನಿಕ್‌ನ ಕರೆಸಿ.

ಇನ್ನೊಂದು ಮಾತು: ಮೀಟರ್ ಮುಳ್ಳನ್ನೇ ಪೂರ್ತಿ ನಂಬಬೇಡಿ. ಕೂಲೆಂಟ್ ತೀರಾ ಕಡಿಮೆಯಾದ್ರೆ ಸೆನ್ಸರ್ ದ್ರವದಲ್ಲಿ ಮುಳುಗಿರಲ್ಲ. ಒಳಗೆ ಇಂಜಿನ್ ಬೇಯ್ತಿದ್ರೂ ಮುಳ್ಳು ಸುಮ್ಮನೇ ಕೂತಿರಬಹುದು.

7/7
ದಾರಿಯಲ್ಲಿ ಮುಳ್ಳು ಏರಿದ್ರೆ ಏಸಿ ಆಫ್ ಮಾಡಿ, ಪಕ್ಕಕ್ಕೆ ಹಾಕಿ, ಇಂಜಿನ್ ನಿಲ್ಲಿಸಿ. ಬಿಸಿ ಇರುವಾಗ ಮುಚ್ಚಳ ಮಾತ್ರ ತೆಗೀಬೇಡಿ! ಒತ್ತಡ ಇಳಿದ ಕ್ಷಣವೇ ಒಳಗಿನ ದ್ರವ ಭಗ್ ಅಂತ ಕುದ್ದು ಮುಖಕ್ಕೆ ಹಾರುತ್ತೆ. ಕನಿಷ್ಠ ಅರ್ಧ ಗಂಟೆ ಕಾಯಿರಿ. ಪೂರ್ತಿ ತಣ್ಣಗಾಯ್ತು ಅಂತ ಖಾತ್ರಿಯಾದ ಮೇಲಷ್ಟೇ ಮುಚ್ಚಳಕ್ಕೆ ಕೈ ಹಾಕಿ. ಬೇರೆ ದಾರಿ ಇಲ್ಲದಿದ್ರೆ ಆಗ ನೀರು ಹಾಕಿ ಗ್ಯಾರೇಜ್ ಮುಟ್ಟಿ. ಆದ್ರೆ ಅಲ್ಲಿಗೆ ಕೆಲಸ ಮುಗೀತು ಅಂದ್ಕೋಬೇಡಿ. ಸೋರಿಕೆ ಸರಿಮಾಡಿಸಿ, ಮ್ಯಾನುಯಲ್‌ನಲ್ಲಿ ಹೇಳಿರೋ ಕೂಲೆಂಟನ್ನೇ ತುಂಬಿಸಿ. ಬಣ್ಣ ಒಂದೇ ಇದೆ ಅಂತ ಬೆರೆಸಬೇಡಿ, ಬಣ್ಣ ನೋಡಿದ್ರೆ ಜಾತಿ ಗೊತ್ತಾಗಲ್ಲ. ಚೆಲ್ಲಿದ್ದನ್ನ ಒರೆಸಿ ತೊಳೀರಿ: ಗ್ಲೈಕಾಲ್ ರುಚಿ ಸಿಹಿ, ಆದ್ರೆ ವಿಷ. ಬೀದಿನಾಯಿ ನೆಕ್ಕಿದ್ರೆ ಸತ್ತೇ ಹೋಗಬಹುದು.

ಬೆರ್ಥಾ ಬೆಂಜ್ "ನೀರು ಎಲ್ಲಿ ಸಿಗುತ್ತೆ?" ಅಂತ ಕೇಳಬೇಕಿತ್ತು. ನಾವು ಕೇಳಬೇಕಾದ್ದು "ಇದ್ದದ್ದು ಎಲ್ಲಿಗೆ ಹೋಯ್ತು?" ಅಂತ.

ಮನೇಲಿ ಗಾಡಿ ಓಡಿಸೋರಿಗೆ ಕಳಿಸಿ, ಘಾಟಿ ಟ್ರಿಪ್ಪಿಗೆ ಮುಂಚೆ ಸೇವ್ ಮಾಡಿಟ್ಕೊಳ್ಳಿ.

#ಬಾನೆಟ್‌ಒಳಗಿನಇತಿಹಾಸ #ಕೂಲೆಂಟ್ #ಕನ್ನಡದಲ್ಲಿಕಾರು